ಇನ್ನೂರ ಹದಿನಾಲ್ಕು ಎಲ್ಲಿ ಇಳಿಯಿತು?

೧೧ ಜನವರಿ

ಮ್ಯೂಸಿಯಂ ಹಡಗಿನ ಮುಖ್ಯಸ್ಥರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೂ ಕೂತೂ ಕಿವಿ ಕಳೆದುಕೊಂಡ ಮುದುಕಿ ನಾನು. ಈಗ ಪಕ್ಕದಲ್ಲಿ ಡೋಲು ಬಡಿದರೂ ಕೇಳಿಸುವುದಿಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ನೀವೂ ದಯವಿಟ್ಟು ಕಾಗದವನ್ನೇ ಬರೆಯಿರಿ.

ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಹಡಗಿನ ಚಿತ್ರ ಬಂದಿತ್ತು. ವಿಮಾನ ಹೊರುತ್ತಿದ್ದ ಯುದ್ಧದ ಹಡಗನ್ನು ಗುಜರಿಗೆ ಹಾಕದೆ ಜನ ಹತ್ತಿ ನೋಡುವ ಹಾಗೆ ಮಾಡಿದ್ದೀರಂತೆ, ಸಂತೋಷ. ನನ್ನ ಮಗಳು ಆ ಹಾಳೆಯನ್ನು ಹಾಸಿಕೊಂಡು ತರಕಾರಿ ಹೆಚ್ಚಲು ಕೂತಿದ್ದಳು. ಅವಳ ಕೈ ಸರಿಸಿ ನೋಡಿದೆ. ರೆಕ್ಕೆ ಮಡಚಿಕೊಂಡು ಡೆಕ್ಕಿನ ಮೇಲೆ ನಿಂತಿದ್ದ ವಿಮಾನದ ಮೂತಿಯ ಮೇಲೆ ೨೧೪ ಎಂದಿತ್ತು. ಪೈಲಟ್ ಕೂರುವ ಜಾಗದ ಕೆಳಗೆ ಬಿಳಿ ಅಕ್ಷರದಲ್ಲಿ ‘ಉಡ’ ಎಂದಿತ್ತು.

ಅದು ನನ್ನ ಮಗನ ವಿಮಾನ. ಅದಕ್ಕೆ ಒರಗಿ ನಿಂತು ಅವನು ತೆಗೆಸಿಕೊಂಡ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಹೆತ್ತವರು ಇಟ್ಟ ಹೆಸರು ಬಿಟ್ಟು ಇದೆಂಥ ಉಡ, ಹಲ್ಲಿ ಎಂದು ನಾನು ಆಗ ಬೈದು ಬರೆದಿದ್ದೆ. ಫೋನ್ ಮಾಡಿ ನಕ್ಕಿದ್ದ. “ಅಮ್ಮಾ, ಇಲ್ಲಿ ಅದು ದೊಡ್ಡ ಬಿರುದು. ಹಿಡಿದ್ರೆ ಬಿಡಲ್ಲ ಅಂತ ಅರ್ಥ” ಎಂದಿದ್ದ. ಆ ವಿಮಾನದಲ್ಲಿ ಹೋದವನು ಹಿಂದಿರುಗಲಿಲ್ಲ. ಅದೆಲ್ಲ ನಿಮಗೆ ಗೊತ್ತಿರಬೇಕು.

ವಿಮಾನ ನಿಮ್ಮ ಹತ್ತಿರಕ್ಕೆ ಯಾವಾಗ ಬಂತು, ಎಲ್ಲಿಂದ ಬಂತು, ಸಿಕ್ಕಾಗ ಯಾವ ಸ್ಥಿತಿಯಲ್ಲಿತ್ತು, ಇಷ್ಟು ತಿಳಿಸಿದರೆ ಉಪಕಾರವಾಗುತ್ತದೆ. ಯಾಕೆ ಕೇಳುತ್ತಿದ್ದೇನೆಂದು ಆಮೇಲೆ ಬರೆಯುತ್ತೇನೆ.

ಇತಿ,
ಆ ಪೈಲಟ್‌ನ ತಾಯಿ


೨೫ ಜನವರಿ

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಆಫೀಸಿನ ಮೇಜಿನಿಂದ ಮೇಜಿಗೆ ತಿರುಗಿ ಕೊನೆಗೆ ನನ್ನ ಕೈಗೆ ಬಂತು. ಮುಖ್ಯಸ್ಥರಿಗೆ ಹಡಗು ಗೊತ್ತು, ಹಡಗಿನಲ್ಲಿದ್ದವರು ಗೊತ್ತಿಲ್ಲ. ನಾನು ಆ ಕಾಲದಲ್ಲಿ ಹ್ಯಾಂಗರಿನಲ್ಲಿ, ಅಂದರೆ ಡೆಕ್ಕಿನ ಕೆಳಗೆ ವಿಮಾನಗಳನ್ನು ನಿಲ್ಲಿಸುತ್ತಿದ್ದ ದೊಡ್ಡ ಕೊಠಡಿಯಲ್ಲಿ, ನಂಬರು ಬರೆಯುತ್ತಿದ್ದ ಪೇಂಟರ್. ನಿವೃತ್ತಿಯಾದ ಮೇಲೆ ಅದೇ ಹಡಗು ಮತ್ತೆ ಕರೆದು ಅದೇ ಬ್ರಶ್ಶು ಕೊಟ್ಟಿದೆ. ನೀರಿನಲ್ಲಿ ಸುಮ್ಮನೆ ಕೂತ ಹಡಗು ಓಡಾಡುವ ಹಡಗಿಗಿಂತ ಬೇಗ ತುಕ್ಕು ಹಿಡಿಯುತ್ತದೆ, ನಮ್ಮಂಥ ನಿವೃತ್ತರ ಹಾಗೆಯೇ. ಈ ತುದಿಗೆ ಬಣ್ಣ ಬಳಿದು ಮುಗಿಸುವಷ್ಟರಲ್ಲಿ ಆ ತುದಿ ಕೆಂಪಾಗಿರುತ್ತದೆ.

‘ಉಡ’ ಎಂದು ಬರೆದವನು ನಾನೇ ಅಮ್ಮಾ. ನೀವು ಬೈದ ಬೈಗುಳ ನ್ಯಾಯವಾಗಿ ನನಗೆ ಸೇರಬೇಕು. ಹಡಗಿನ ಮೇಲೆ ಇಳಿಯುವುದೆಂದರೆ ಹುಡುಗಾಟವಲ್ಲ. ಡೆಕ್ಕಿಗೆ ಅಡ್ಡಲಾಗಿ ಉಕ್ಕಿನ ಹಗ್ಗಗಳನ್ನು ಬಿಗಿದಿರುತ್ತಾರೆ. ವಿಮಾನದ ಬಾಲದಲ್ಲಿರುವ ಕೊಕ್ಕೆ ಅದರಲ್ಲೊಂದನ್ನು ಹಿಡಿದರೆ ನಿಂತಿತು, ತಪ್ಪಿದರೆ ಮತ್ತೆ ಮೇಲೇರಿ ಸುತ್ತಿ ಬರಬೇಕು. ಘಟಾನುಘಟಿಗಳೇ ಎರಡು ಮೂರು ಸಲ ಸುತ್ತುತ್ತಿದ್ದರು. ನಿಮ್ಮ ಮಗ ತಪ್ಪಿಸಿದ್ದನ್ನು ನಾನು ನೋಡಲೇ ಇಲ್ಲ. ಇಳಿದು ಬಂದು ನನ್ನ ಡಬ್ಬಿಯ ಪಕ್ಕ ಕೂತು, “ಪೇಂಟರಣ್ಣ, ಉಡಕ್ಕೆ ಒಂದು ಬಾಲ ಬರೀರಿ” ಎಂದು ಪೀಡಿಸುತ್ತಿದ್ದ. ನಾನು ಬರೆಯಲಿಲ್ಲ. ಬರೆಯಬೇಕಿತ್ತು.

ವಿಮಾನ ಬಂದದ್ದು ಹೋದ ವರ್ಷ. ದೂರದ ಒಂದು ಹಳೆಯ ವಾಯುನೆಲೆಯಲ್ಲಿ, ಬೇಲಿಯ ಪಕ್ಕ ಎದೆಯೆತ್ತರದ ಹುಲ್ಲಿನಲ್ಲಿ ನಿಂತಿತ್ತು. ಎಷ್ಟು ಕಾಲದಿಂದ ನಿಂತಿದೆ ಎಂದು ಅಲ್ಲಿಯವರಿಗೂ ಗೊತ್ತಿರಲಿಲ್ಲ. ಎಂಜಿನ್ ಇರಲಿಲ್ಲ. ಪೈಲಟ್ ಕೂರುವಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಚಕ್ರಗಳು ಸರಿಯಾಗಿದ್ದವು. ಕೊಕ್ಕೆಯಂತೂ ಗಟ್ಟಿಮುಟ್ಟಾಗಿತ್ತು. ಲಾರಿಯ ಮೇಲೆ ತಂದು ಕ್ರೇನಿನಿಂದ ಎತ್ತಿ ಡೆಕ್ಕಿನ ಮೇಲೆ ಇಳಿಸಿದಾಗ ನಾವು ಹಳಬರು ನಾಲ್ಕೈದು ಜನ ಇದ್ದೆವು. ಅಕ್ಷರಗಳು ಅಳಿಸಿಹೋಗಿದ್ದವು. ಅಂದು ಬರೆದ ಕೈಯೇ ಇಂದೂ ಬರೆಯಿತು. ೨೧೪ ಮನೆಗೆ ಬಂತು ಎಂದು ನಾವು ನಾವೇ ಹೇಳಿಕೊಳ್ಳುತ್ತೇವೆ.

ನೀವು ಒಮ್ಮೆ ಬಂದು ನೋಡಬೇಕು. ಏಣಿ ಕಡಿದಾಗಿದೆ, ನಾನು ಕೈ ಹಿಡಿದು ಹತ್ತಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಪೇಂಟರ್


೩ ಫೆಬ್ರವರಿ

ಪೇಂಟರಪ್ಪಾ,

ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಸರ ಬೇಡ. ಅವನು ಅಣ್ಣ ಎಂದವನು ನನಗೆ ಮಗನೇ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆ ಹರಿಯುತ್ತಿದೆ. ಈಗ ನಾನು ಯಾಕೆ ಕೇಳಿದೆ ಎಂದು ಹೇಳುತ್ತೇನೆ. ಅವನು ಹೋದಾಗ ಇಬ್ಬರು ಅಧಿಕಾರಿಗಳು ಮನೆಗೆ ಬಂದು ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತು, ವಿಮಾನ ಸಮುದ್ರದ ಪಾಲಾಯಿತು, ಒಂದು ಚೂರೂ ಸಿಗಲಿಲ್ಲ ಎಂದರು. ಸಮುದ್ರದ ಪಾಲಾದ ವಿಮಾನ ಹುಲ್ಲಿನ ಮೇಲೆ ನಿಂತದ್ದು ಹೇಗೆ? ಚಕ್ರ ಸರಿಯಾಗಿತ್ತು ಎಂದು ನೀನೇ ಬರೆದಿದ್ದೀಯ. ಅಂದರೆ ವಿಮಾನ ಬಿದ್ದಿಲ್ಲ, ಇಳಿದಿದೆ. ಇಳಿದಿದ್ದರೆ ಇಳಿಸಿದವನು ಒಬ್ಬ ಇರಬೇಕು. ಅದರಲ್ಲಿ ಇದ್ದವನು ಅವನೊಬ್ಬನೇ.

ಮಗಳು ರೇಗುತ್ತಾಳೆ. “ಅಮ್ಮಾ, ಮ್ಯೂಸಿಯಮ್ಮಿನೋರು ಯಾವ್ದೋ ವಿಮಾನಕ್ಕೆ ಬಣ್ಣ ಬಳ್ದಿರ್ತಾರೆ, ನೀನು ತಲೆ ಕೆಡಿಸ್ಕೋಬೇಡ” ಎಂದು ಚೀಟಿಯಲ್ಲಿ ಬರೆದು ತೋರಿಸುತ್ತಾಳೆ. ಅವಳಿಗೆ ನಿನ್ನ ಕಾಗದ ತೋರಿಸಿದೆ. ಅಂದು ಬರೆದ ಕೈಯೇ ಇಂದೂ ಬರೆಯಿತು ಎಂಬ ಸಾಲಿನ ಮೇಲೆ ಬೆರಳಿಟ್ಟೆ. ಚೀಟಿ ಮಡಚಿಕೊಂಡು ಒಳಗೆ ಹೋದಳು.

ಇನ್ನೊಂದು ವಿಷಯ. ಅವನು ಹೋದ ಮೇಲೂ ನಮ್ಮ ಮನೆಯ ಫೋನ್ ನಂಬರು ಬದಲಾಗದಂತೆ ನೋಡಿಕೊಂಡಿದ್ದೇನೆ. ಅವನಿಗೆ ಬಾಯಿಪಾಠವಿದ್ದದ್ದು ಅದೊಂದೇ ನಂಬರು. ನನಗೆ ಕೇಳಿಸುವುದಿಲ್ಲವೆಂದು ಫೋನಿನ ಗಂಟೆ ಬಡಿದರೆ ಮಿನುಗುವ ಬಲ್ಬು ಹಾಕಿಸಿದ್ದೇನೆ. ಹೋದ ತಿಂಗಳು ಮಗಳ ಮಾತಿಗೆ ಸೋತು, ಇನ್ನು ಫೋನ್ ಬೇಡ, ಬಂದು ತೆಗೆಯಿರಿ ಎಂದು ಕಂಪನಿಗೆ ಬರೆದುಕೊಟ್ಟಿದ್ದೆ. ಪತ್ರಿಕೆ ನೋಡಿದ ಮರುದಿನವೇ ಹೋಗಿ, ತೆಗೆಯುವುದು ಬೇಡ ಎಂದು ಹೇಳಿ ಬಂದೆ. ಎಕ್ಸ್‌ಚೇಂಜಿನಲ್ಲಿ ನಮಗೊಂದು ಕಟ್ಟಳೆಯಿತ್ತು. ನಾವು ಪ್ಲಗ್ ಚುಚ್ಚಿ ದೂರದ ಊರಿಗೆ ಜೋಡಿಸಿದ ಟ್ರಂಕ್ ಕಾಲಿನಲ್ಲಿ ಮಾತು ನಿಂತಿತೆಂದು ಸುಮ್ಮನೆ ಪ್ಲಗ್ ಕೀಳುವ ಹಾಗಿಲ್ಲ. ಮಾತು ಮುಗಿಯಿತೇ ಎಂದು ಕೇಳಬೇಕು. ಕಾಯಬೇಕು. ಇನ್ನೊಮ್ಮೆ ಕೇಳಬೇಕು. ಉತ್ತರ ಬರದಿದ್ದರೆ ಮಾತ್ರ ಕೀಳಬೇಕು. ಹೊಸ ಹುಡುಗಿಯರು ಆತುರಕ್ಕೆ ಕಿತ್ತುಬಿಡುತ್ತಿದ್ದರು, ನಾನು ಕೀಳುತ್ತಿರಲಿಲ್ಲ. ಈಗಲೂ ಅಷ್ಟೆ.

ನನಗೆ ಎರಡೇ ಮಾತು ಬೇಕು. ಆ ವಾಯುನೆಲೆ ಎಲ್ಲಿದೆ? ಪೈಲಟ್ ಕೂರುವಲ್ಲಿ ಮೇಲೆ ಗಾಜಿನ ಮುಚ್ಚಳವಿರುತ್ತದಲ್ಲ, ಅದು ಸಿಕ್ಕಾಗ ತೆರೆದಿತ್ತೋ ಮುಚ್ಚಿತ್ತೋ? ಹಕ್ಕಿ ಗೂಡು ಕಟ್ಟಬೇಕಾದರೆ ತೆರೆದಿರಬೇಕು. ತೆರೆದಿದ್ದರೆ ಅವನು ಇಳಿದು ಹೋಗಿದ್ದಾನೆ.

ಬೇಗ ಬರೆ.

ಅಮ್ಮ


೧೮ ಮಾರ್ಚ್

ಪೇಂಟರಪ್ಪಾ,

ನನ್ನ ಕಾಗದ ಸೇರಲಿಲ್ಲವೇ? ಅಂಚೆಯವನನ್ನು ದಿನಾ ಗೇಟಿನಲ್ಲಿ ತಡೆದು ಕೇಳುತ್ತೇನೆ. ಪಾಪ, ಈಗ ದೂರದಿಂದಲೇ ಎರಡೂ ಕೈ ಆಡಿಸುತ್ತಾನೆ.

ಮೈ ಹುಷಾರಿಲ್ಲವೇ? ಅಥವಾ ಮೇಲಿನವರು ಬರೆಯಬೇಡ ಎಂದರೇ? ನಾನು ಯಾರಿಗೂ ಹೇಳುವುದಿಲ್ಲ. ಊರಿನ ಗುಟ್ಟುಗಳೆಲ್ಲ ಈ ಕಿವಿಯಲ್ಲಿ ಹಾದುಹೋಗಿವೆ, ಒಂದೂ ಬಾಯಿಂದ ಹೊರಗೆ ಬಿದ್ದಿಲ್ಲ.

ಅವನ ಹಳೆಯ ಸ್ವೆಟರನ್ನು ಬಿಚ್ಚಿ ದೊಡ್ಡದಾಗಿ ಹೆಣೆಯುತ್ತಿದ್ದೇನೆ. ಅವನಪ್ಪ ಐವತ್ತು ದಾಟಿದ ಮೇಲೆ ದಪ್ಪಗಾದರು. ಇವನೂ ಆಗಿರುತ್ತಾನೆ.

ಅಮ್ಮ


೨೭ ಮಾರ್ಚ್

ಅಮ್ಮಾ,

ನಿಮ್ಮ ಎರಡೂ ಕಾಗದ ತಲುಪಿವೆ. ನಾನು ಚೆನ್ನಾಗಿದ್ದೇನೆ. ವಿಮಾನದ ವಿಷಯದಲ್ಲಿ ಹೇಳಬೇಕಾದ ಮಾತು ಒಂದಿದೆ. ಅದನ್ನು ಕಾಗದದಲ್ಲಿ ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಸ್ವಲ್ಪ ದಿನ ಅವಕಾಶ ಕೊಡಿ. ದಯವಿಟ್ಟು ಸ್ವೆಟರ್ ಹೆಣೆದು ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ.

ನಿಮ್ಮ ಪೇಂಟರ್


೨ ಏಪ್ರಿಲ್

ಮಗು,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಆದರೂ ಬೆಳಕು ನನ್ನ ಕಡೆಗೆ ಬಿತ್ತು. ಕಾಗದದಲ್ಲಿ ಬರೆಯಲಾಗದ ಮಾತೆಂದರೆ ಇನ್ನೇನಿರುತ್ತದೆ? ಅವನು ಇಳಿಯಬಾರದ ಜಾಗದಲ್ಲಿ ಇಳಿದ. ಯಾರೋ ಹಿಡಿದಿಟ್ಟುಕೊಂಡರು. ಹೇಳಬೇಡಿ ಎಂದು ಮೇಲಿನವರು ಎಲ್ಲರ ಬಾಯಿಗೆ ಬೀಗ ಹಾಕಿದರು. ಸತ್ತ ಸುದ್ದಿ ಹೇಳಲು ಯಾರೂ ಅವಕಾಶ ಕೇಳುವುದಿಲ್ಲ, ಅದನ್ನು ಟೋಪಿ ತೆಗೆದು ಒಂದೇ ಉಸಿರಿಗೆ ಹೇಳಿ ಹೋಗುತ್ತಾರೆ. ಅದು ನನಗೆ ಗೊತ್ತಿದೆ.

ನಿನ್ನ ಅನ್ನಕ್ಕೆ ಕಲ್ಲು ಹಾಕುವುದು ನನಗೆ ಬೇಡ. ನೀನೇನೂ ಬರೆಯಬೇಡ. ಅವನು ಇದ್ದಾನೆ ಎಂದಾದರೆ ಒಂದು ಖಾಲಿ ಲಕೋಟೆ ಕಳಿಸು, ಅಷ್ಟು ಸಾಕು. ಕಳಿಸದೆ ಸುಮ್ಮನಿದ್ದರೂ ಹೌದೆಂದೇ ತಿಳಿಯುತ್ತೇನೆ.

ಅಮ್ಮ


೮ ಏಪ್ರಿಲ್

ಅಮ್ಮಾ,

ನೀವು ನನ್ನ ಮೌನಕ್ಕೂ ಅರ್ಥ ಕೊಟ್ಟ ಮೇಲೆ ಬರೆಯದೆ ನನಗೆ ದಾರಿಯಿಲ್ಲ. ಒಂದೇ ಉಸಿರಿಗೆ ಹೇಳುತ್ತೇನೆ.

ಡೆಕ್ಕಿನ ಮೇಲಿರುವುದು ನಿಮ್ಮ ಮಗನ ವಿಮಾನವಲ್ಲ. ಅದೇ ಜಾತಿಯ ಇನ್ನೊಂದು ವಿಮಾನ. ಕೆಲಸ ಮುಗಿಸಿ ನಿವೃತ್ತಿಯಾಗಿ ಬೇಲಿಯ ಪಕ್ಕ ನಿಂತಿದ್ದದ್ದು. ಅದಕ್ಕೆ ೨೧೪ ಎಂದೂ ‘ಉಡ’ ಎಂದೂ ನಾನು ಬರೆದೆ. ಮ್ಯೂಸಿಯಮ್ಮುಗಳಲ್ಲಿ ಹೀಗೆ ಮಾಡುತ್ತಾರೆ. ಕಳೆದುಹೋದ ವಿಮಾನದ ನಂಬರನ್ನು ಉಳಿದಿರುವ ಒಂದಕ್ಕೆ ಬರೆದು ನೆನಪು ಇಡುತ್ತಾರೆ. ಚಕ್ರದ ಹತ್ತಿರ ಒಂದು ಪುಟ್ಟ ಫಲಕದಲ್ಲಿ ಅದನ್ನೆಲ್ಲ ಬರೆದಿದ್ದೇವೆ. ಪತ್ರಿಕೆಯವರು ಚಿತ್ರವನ್ನು ಕತ್ತರಿಸುವಾಗ ಫಲಕವೂ ಹೋಯಿತು.

ಯಾರ ನಂಬರು ಬರೆಯೋಣ ಎಂದು ಮುಖ್ಯಸ್ಥರು ಕೇಳಿದಾಗ ೨೧೪ ಎಂದವನು ನಾನೇ. ಮಿಕ್ಕವರೆಲ್ಲ ಮನೆಗೆ ಹೋದರು, ಮಕ್ಕಳ ಮದುವೆ ಮಾಡಿದರು. ನಿಮ್ಮ ಮಗನಿಗೆ ಈ ಭೂಮಿಯ ಮೇಲೆ ಒಂದು ಅಡಿ ಜಾಗವೂ ಸಿಗಲಿಲ್ಲ, ಹೆಸರಾದರೂ ಒಂದು ಕಡೆ ಇರಲಿ ಎಂದುಕೊಂಡೆ. ನಿಮ್ಮ ಮೊದಲ ಕಾಗದ ಬಂದಾಗ, ಮಗನ ಹೆಸರು ನೋಡಿ ಹಿಗ್ಗಿದ ತಾಯಿ ಎಂದು ತಿಳಿದು ಉತ್ಸಾಹದಲ್ಲಿ ಬರೆದುಬಿಟ್ಟೆ. ಎರಡನೆಯದರಲ್ಲಿ ನೀವು ಚಕ್ರದ ಮಾತು ಎತ್ತಿದ್ದಿರಿ. ನಿಮ್ಮ ಮನಸ್ಸಿನಲ್ಲಿ ಏನಿದೆಯೆಂದು ಆಗ ತಿಳಿಯಿತು. ಬರೆದು ಹರಿದೆ, ಬರೆದು ಹರಿದೆ. ನನ್ನ ಹೆಂಡತಿ, “ಬೇಗ ಹೇಳ್ಬಿಡಿ, ಆ ತಾಯೀನ ಹೀಗೆ ಕಾಯಿಸ್ಬೇಡಿ” ಎಂದು ಬೇಡಿಕೊಂಡಳು. ನನಗೆ ಧೈರ್ಯ ಬರಲಿಲ್ಲ.

ಆ ದಿನದ ವಿಷಯವನ್ನೂ ಹೇಳುತ್ತೇನೆ. ಇನ್ನು ಅನುಮಾನ ಉಳಿಯಬಾರದು. ಮಧ್ಯಾಹ್ನ ಹೊರಟ. ಹೊರಟ ಮೇಲೆ ಮಂಜು ಕವಿಯಿತು. ರೇಡಿಯೋದಲ್ಲಿ ಒಮ್ಮೆ ದನಿ ಬಂತಂತೆ, ಆಮೇಲೆ ಬರಲಿಲ್ಲ. ಹಡಗಿನ ದೀಪಗಳನ್ನೆಲ್ಲ ಹಗಲಲ್ಲೇ ಹೊತ್ತಿಸಿದರು. ಕೆಲಸವಿದ್ದವರು ಇಲ್ಲದವರು ಎಲ್ಲರೂ ಡೆಕ್ಕಿಗೆ ಬಂದು ನಿಂತರು. ವಿಮಾನದಲ್ಲಿ ಎಷ್ಟು ಹೊತ್ತಿನ ಇಂಧನವಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಹೊತ್ತು ಕಳೆದು ಬಹಳ ಸಮಯವಾದ ಮೇಲೂ ಹಗ್ಗದವರು ತಮ್ಮ ಜಾಗ ಬಿಡಲಿಲ್ಲ, ಬಿಗಿದ ಹಗ್ಗ ಸಡಿಲಿಸಲಿಲ್ಲ. ಉಡ ಬರ್ತಾನೆ, ಹಿಡೀತಾನೆ ಎಂದೇ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆವು. ಮರುದಿನವೆಲ್ಲ ಆ ನೀರನ್ನು ಹುಡುಕಿದೆವು. ಇಳಿಯಲು ಸುತ್ತಮುತ್ತ ಎಲ್ಲೂ ನೆಲವಿರಲಿಲ್ಲ ಅಮ್ಮಾ. ನಾವೇ ಅವನಿಗೆ ಇದ್ದ ನೆಲ.

ನಿಮ್ಮ ಮಗ ಸಮುದ್ರದಲ್ಲಿದ್ದಾನೆ. ನನ್ನನ್ನು ಏನೆಂದು ಬೈದರೂ ಸರಿ, ಈ ಕಾಗದಕ್ಕೆ ಉತ್ತರ ಬರೆಯಿರಿ.

ಪೇಂಟರ್


೧೯ ಜೂನ್

ಪೇಂಟರಪ್ಪಾ,

ಉತ್ತರ ತಡವಾಯಿತು. ಬೈಯಲು ಮಾತು ಹುಡುಕುತ್ತಿದ್ದೆ, ಸಿಗಲಿಲ್ಲ.

ಮೊದಲ ಸಲ ಸತ್ತಾಗ ಅವನಿನ್ನೂ ಮೀಸೆ ತಿರುವುವ ವಯಸ್ಸಿನ ಹುಡುಗ. ಈ ಸಲ ಸತ್ತವನು ಬೇರೆ. ಪತ್ರಿಕೆ ನೋಡಿದ ದಿನದಿಂದ ನಾನು ಅವನ ತಲೆ ನರೆಸಿದ್ದೆ, ಕನ್ನಡಕ ಹಾಕಿಸಿದ್ದೆ, ಅವನಪ್ಪನಿಗಿದ್ದ ಮಂಡಿನೋವು ಕೊಟ್ಟಿದ್ದೆ. ಎಲ್ಲೋ ಒಂದು ಕಡೆ ಒಬ್ಬ ಹೆಂಡತಿಯನ್ನೂ ಕೊಟ್ಟಿದ್ದೆ. ಅವಳ ಭಾಷೆ ನನಗೆ ಬರುವುದಿಲ್ಲ, ಹೇಗೂ ಕಿವಿ ಕೇಳುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ಸಂಸಾರವನ್ನೆಲ್ಲ ನೀನು ಒಂದು ಕಾಗದದಲ್ಲಿ ಮುಳುಗಿಸಿದೆ. ಮಗಳು ನಿನ್ನ ಕಾಗದ ಓದಿ, ನಾನು ಹೇಳಲಿಲ್ಲವೇ ಎನ್ನಬಹುದಿತ್ತು. ಅನ್ನಲಿಲ್ಲ. ಹೆಣೆದಿದ್ದ ಸ್ವೆಟರನ್ನು ನನ್ನ ಕೈಯಿಂದ ತೆಗೆದುಕೊಂಡು, ಉಳಿದಿದ್ದ ತೋಳನ್ನು ತಾನೇ ಹೆಣೆದು ಮುಗಿಸಿ ಪೆಟ್ಟಿಗೆಯಲ್ಲಿಟ್ಟಳು. ಅಂದು ನಾನು ಅತ್ತೆ.

ನಿನ್ನ ಮೇಲೆ ಕೋಪವಿದೆ, ಇಲ್ಲವೆನ್ನುವುದಿಲ್ಲ. ನಂಬರು ಬರೆದದ್ದಕ್ಕಲ್ಲ. ಫೆಬ್ರವರಿಯಲ್ಲಿ ಹೇಳಬಹುದಾದದ್ದನ್ನು ಏಪ್ರಿಲ್‌ವರೆಗೆ ಎಳೆದೆಯಲ್ಲ, ಅದಕ್ಕೆ. ಆದರೆ ಆ ಹಗ್ಗದವರು ಜಾಗ ಬಿಡಲಿಲ್ಲ ಎಂದು ಬರೆದೆಯಲ್ಲ, ಆ ಮಾತನ್ನು ಆ ಟೋಪಿಯವರು ನನಗೆ ಹೇಳಿರಲಿಲ್ಲ. ನಾನೊಬ್ಬಳೇ ಕಾದೆ ಎಂದುಕೊಂಡಿದ್ದೆ.

ಈಗ ನನ್ನದೊಂದು ಬೇಡಿಕೆ. ಆ ನಂಬರನ್ನು ಅಳಿಸು. ಹೆಸರನ್ನೂ ಅಳಿಸು. ನೀನು ಪ್ರೀತಿಯಿಂದ ಬರೆದದ್ದು, ನನಗೆ ಗೊತ್ತು. ಆದರೂ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ೨೧೪ ಅಲ್ಲಿ ಬಿಸಿಲಿನಲ್ಲಿ ಒಣಗಿಕೊಂಡು ನಿಂತಿದ್ದರೆ, ನನ್ನ ಮಗ ನೀರಿನಲ್ಲಿ ಒಬ್ಬನೇ ಇದ್ದ ಹಾಗೆ. ಅಷ್ಟು ಆಳದಲ್ಲಿ ಅವನಿಗೆ ಇರುವುದು ಆ ವಿಮಾನವೊಂದೇ. ಅದು ಅವನ ಹತ್ತಿರವೇ ಇರಲಿ.

ಅಮ್ಮ


೩೦ ಜೂನ್

ಅಮ್ಮಾ,

ಅಳಿಸಿದೆ.

ಮ್ಯೂಸಿಯಂ ಸಮಿತಿಯವರು ಮೊದಲು ಒಪ್ಪಲಿಲ್ಲ. ಬಂದವರೆಲ್ಲ ಅದರ ಮುಂದೆಯೇ ಫೋಟೋ ತೆಗೆಸಿಕೊಳ್ಳುತ್ತಾರೆ, ಅಂಗಡಿಯಲ್ಲಿ ೨೧೪ ಎಂದು ಬರೆದ ಕೀಚೈನು ಡಬ್ಬಗಟ್ಟಲೆ ತಂದಿಟ್ಟಿದ್ದೇವೆ ಎಂದರು. ನಾನು ವಾದ ಮಾಡಲಿಲ್ಲ. ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಓದಿದೆ. ಮುಖ್ಯಸ್ಥರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡು, “ಅಳಿಸ್ಬಿಡಿ, ಕೀಚೈನನ್ನೂ ತೆಗೆಸ್ತೀನಿ” ಎಂದರು.

ನಮ್ಮ ಸ್ಕ್ವಾಡ್ರನ್ನಿನಲ್ಲಿ ಒಂದು ಪದ್ಧತಿಯಿತ್ತು. ಹಿಂದಿರುಗದ ವಿಮಾನದ ನಂಬರನ್ನು ಮತ್ತೆ ಯಾವ ವಿಮಾನಕ್ಕೂ ಬರೆಯುತ್ತಿರಲಿಲ್ಲ. ಯಾಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಇಷ್ಟು ವರ್ಷವಾದ ಮೇಲೆ ಇನ್ನೇನು ಎಂದು ನಾನೇ ಮುರಿದೆ. ಯಾಕೆ ಬರೆಯಬಾರದೆಂದು ನಿಮ್ಮ ಕಾಗದ ಓದಿದಾಗ ತಿಳಿಯಿತು.

ಹೊಸ ಬಣ್ಣ ಕೆರೆದಾಗ ಅಡಿಯಲ್ಲಿ ಆ ವಿಮಾನದ ಸ್ವಂತ ನಂಬರು ಮಸುಕಾಗಿ ಕಂಡಿತು. ಅದನ್ನೇ ತೀಡಿದ್ದೇನೆ. ‘ಉಡ’ ಎಂಬ ಎರಡು ಅಕ್ಷರ ಅಳಿಸುವಾಗ ಕೈ ಓಡಲಿಲ್ಲ. ಆಗಿನ ಹಗ್ಗದವರಲ್ಲಿ ಒಬ್ಬ ನಮ್ಮಲ್ಲೇ ಟಿಕೆಟ್ ಹರಿಯುತ್ತಾನೆ, ಅವನು ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ಸೇರಿ ಒರೆಸಿದೆವು. ಮುಗಿದ ಮೇಲೆ ಅವನು ಡೆಕ್ಕಿನ ಅಂಚಿಗೆ ಹೋಗಿ, ಉಕ್ಕಿನ ಹಗ್ಗ ಬಿಗಿಯುವ ಹಳೆಯ ಹಿಡಿಕೆಯನ್ನು ಸುಮ್ಮನೆ ಮುಟ್ಟಿ ಬಂದ.

ನಿಮ್ಮನ್ನು ಕರೆಯುವ ಧೈರ್ಯ ನನಗಿನ್ನಿಲ್ಲ. ಕ್ಷಮಿಸಿ ಎಂದು ಕೇಳುವುದೂ ಹೆಚ್ಚಾಯಿತು. ಕಾಗದ ಮಾತ್ರ ನಿಲ್ಲಿಸಬೇಡಿ.

ಪೇಂಟರ್


೨೨ ಜುಲೈ

ಮಗು,

ಒಳ್ಳೆಯ ಕೆಲಸ ಮಾಡಿದೆ. ಆ ಟಿಕೆಟಿನವನಿಗೂ ನನ್ನ ಆಶೀರ್ವಾದ ಹೇಳು. ಪೆಟ್ಟಿಗೆಯಲ್ಲಿದ್ದ ಸ್ವೆಟರನ್ನು ಪ್ರತ್ಯೇಕ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ನಿನಗೆ ಬಿಗಿಯಾದರೆ ಅವನಿಗೆ ಕೊಡು. ಸಮುದ್ರದ ಗಾಳಿಯಲ್ಲಿ ಕೆಲಸ ಮಾಡುವವರು, ಯಾರಾದರೊಬ್ಬರು ಹಾಕಿಕೊಳ್ಳಿ.

ಇವತ್ತು ಫೋನ್ ತೆಗೆಯುವವನು ಬಂದಿದ್ದ. ನಾನೇ ಬರಹೇಳಿದ್ದೆ. ಮಗಳು, “ಈಗೇನು ಅವಸರ, ಇರ್ಲಿ ಬಿಡಮ್ಮ” ಎಂದು ಬರೆದು ತೋರಿಸಿದಳು, ನೋಡು, ಈಗ ಅವಳೇ ಬೇಡ ಎನ್ನುತ್ತಾಳೆ. ಅವನು ಮೊದಲು ಬಲ್ಬು ಬಿಚ್ಚಿದ. ಆಮೇಲೆ ಫೋನಿಗೆ ಕೈ ಹಾಕಿದ. “ಒಂದ್ನಿಮಿಷ ತಡಿಯಪ್ಪ, ಇದು ನನ್ನ ಕೆಲ್ಸ” ಎಂದೆ.

ರಿಸೀವರ್ ಎತ್ತಿ ಈ ಕೇಳದ ಕಿವಿಗೇ ಇಟ್ಟುಕೊಂಡೆ.

“ಮಾತು ಮುಗೀತಾ, ಮರಿ?” ಎಂದು ಕೇಳಿದೆ. ಕಾದೆ. ಇನ್ನೊಮ್ಮೆ ಕೇಳಿದೆ. ಕಾದೆ.

ಆಮೇಲೆ ನಾನೇ ವೈರು ಕಿತ್ತು ಅವನ ಕೈಗೆ ಕೊಟ್ಟೆ.

ಇತಿ,
ಉಡನ ಅಮ್ಮ